ಪಲಾಜೊ ತೊಟ್ಟು ಉಡಿ ಒಡ್ಡಿದ್ದು

ನಮ್ಮ ಲಗ್ನ ಆಗಿ ಇಪ್ಪತ್ತೈದು ವರ್ಷ ತುಂಬಾಕ ಬಂದಾಗ ನಾನು ಒಂದು ನಿರ್ಧಾರ ಮಾಡಿದೆ. ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ನಾವಿಬ್ಬರೇ ಇರೂ ಒಂದು ಚಂದದ ಫೋಟೋ ಬೇಕು!

ನಗಬ್ಯಾಡ್ರಿ. ನಮ್ಮ ಮನ್ಯಾಗ ಫೋಟೋಕ್ಕೇನೂ ಬರ ಇಲ್ಲ. ಆದ್ರ ಎಲ್ಲಾ ಬ್ಯಾರೆಯವರ ಲಗ್ನದಾಗ ತೆಗಸಿದ್ದು. ಮದುಮಗಳ ಹಿಂದ, ಆಕಿ ಸೋದರಮಾವನ ಹೆಗಲ ಮ್ಯಾಲ ನನ್ನ ಅರ್ಧ ಮುಖ. ನಮ್ಮನಿಯವರು ಆ ತುದಿಗಿ ರಾಷ್ಟ್ರಗೀತಿಗಿ ನಿಂತಂಗ ಕೈ ಇಳಿಬಿಟ್ಟು ನಿಂತಿರ್ತಾರ. ನಮ್ಮಿಬ್ಬರ ನಡುವ ಒಂದು ಸಿಟಿ ಬಸ್ಸು ಹಾರ್ನ್ ಹೊಡಿಲಾರದ ದಾಟಿ ಹೋಗಬಹುದು. "ಸ್ವಲ್ಪ ಹತ್ತರ ಬರ್ರಿ" ಅಂದ್ರ "ಮಂದಿ ನೋಡ್ತಾರ" ಅಂತಾರ. ಇಷ್ಟು ವರ್ಷ ಸಂಸಾರ ಮಾಡೀವಿ, ಮಗಳು ಪುಣೆದಾಗ ಓದಾಕತ್ತಾಳ, ಮಂದಿಗಿ ಇನ್ನೇನು ಸಂಶಯ ಉಳದೈತಿ?

ಹಿಂಗಾಗಿ ಎರಡು ದಿನ ಸಿಟಿಗಿ ಹೋಗಿ ಇದ್ದು ಬರೂದು ಅಂತ ಸದರಿ ಮನೆಯ ಸಭೆಯಲ್ಲಿ ಸರ್ವಾನುಮತದಿಂದ ಠರಾವು ಪಾಸಾತು. ಸರ್ವಾನುಮತ ಅಂದ್ರ ನಂದು. ನಾವು ಇರೂದೂ ಹೈದರಾಬಾದಿನ್ಯಾಗ, ಹೋಗೂದೂ ಹೈದರಾಬಾದಿಗೇ. ಆದ್ರ ಊರ ಅಂಚಿನ ನಾಚಾರಂದಾಗ ಇದ್ದವರು ಹೈದರಾಬಾದು ನೋಡ್ಯಾರ ಅಂತ ತಿಳಕೋಬ್ಯಾಡ್ರಿ. ನಮ್ಮನಿಯವರು ಅಲ್ಲೇ ಒಂದು ರಟ್ಟಿನ ಡಬ್ಬಿ ಮಾಡೂ ಕಾರ್ಖಾನಿಯೊಳಗ ಸೂಪರ್‌ವೈಜರ್. ನಮಗ ಕೇಳಸೂದು ಸೈರನ್ನು, ಕಾಣಸೂದು ಲಾರಿ. ಕಲಬುರಗಿಯಿಂದ ಬಳಗದವರು ಬಂದಾಗ ಊರು ತೋರಸಾಕ ಹೋಗಿ, ಅವರ ಚಪ್ಪಲಿ ಕಾಯ್ಕೋತ ಕುಂತಿದ್ದೇ ನಮ್ಮ ಪ್ರವಾಸ! ಈ ಸಲ ಹಿಮಾಯತ್‌ನಗರದಾಗ ಹೋಟೆಲ್ ರೂಮು, ಸಂಜಿಗಿ ಹುಸೇನ್ ಸಾಗರ ಕೆರಿ ದಂಡಿಗಿರೂ ಟ್ಯಾಂಕ್‌ಬಂಡ್, ನೀರಿನ ಮುಂದ ಫೋಟೋ.

ಏನು ಉಟ್ಕೋಬೇಕು ಅನ್ನೂದು ಒಂದೇ ಉಳದಿತ್ತು. ಅದಕ್ಕ ನಮ್ಮ ಮ್ಯಾಲಿನ ಮನ್ಯಾಗ ಬಾಡಿಗಿಗಿ ಇರೂ ಸಿಂಚನಾನ್ನ ಕರದೆ. ಮೈಸೂರಿನ ಹುಡುಗಿ, ಐಟಿ ಕಂಪನ್ಯಾಗ ಕೆಲಸ, ತಿಂಗಳಿಗೊಮ್ಮೆ ಬೆನ್ನಿಗಿ ಬ್ಯಾಗು ಹಾಕ್ಕೊಂಡು ಎಲ್ಲಿಗರ ಹೋಗಿ ಬರ್ತಾಳ.

"ಆಂಟಿ, ಸಿಟಿ ಟ್ರಿಪ್ ಅಂದ್ರೆ ಸ್ಟೈಲಾಗೂ ಕಾಣ್ಬೇಕು, ಆರಾಮಾಗೂ ಇರ್ಬೇಕು" ಅಂದಳು ಆಕಿ. "ಮೂರೇ ಬಣ್ಣ ಇಟ್ಕೊಳ್ಳಿ. ಯಾವ ಟಾಪ್‌ಗೆ ಯಾವ ಪ್ಯಾಂಟ್ ಹಾಕಿದ್ರೂ ಹೊಂದ್ಬೇಕು. ಕುರ್ತಾ, ಪಲಾಜೊ, ಬಿಳೀ ಶೂ. ದುಪಟ್ಟಾ ಬೇಡ್ವೇ ಬೇಡ, ಲುಕ್ ಹಾಳಾಗತ್ತೆ. ಅಂಕಲ್‌ಗೆ ಲಿನನ್ ಶರ್ಟು, ಇನ್ ಮಾಡೋ ಹಾಗಿಲ್ಲ."

ನಾನು ಸುಲ್ತಾನ್ ಬಜಾರಿಗಿ ಹೋದೆ. ಊರು ನೋಡದಿದ್ರೂ ಸುಲ್ತಾನ್ ಬಜಾರ್ ಮಾತ್ರ ನನಗ ಅಂಗೈಯಾಗಿನ ಗೆರಿ. ಯಾವ ಅಂಗಡಿಯಾಗ ಎಷ್ಟು ಹೇಳ್ತಾರ, ಎಲ್ಲಿ ತನ ಹೋಗಿ ತಿರುಗಿ ಬಂದ್ರ ಕರೀತಾರ, ಎಲ್ಲಾ ಗೊತ್ತು. ಪಲಾಜೊ ಮಾರಾಂವ ಎರಡೂ ಕೈಲೆ ಸೊಂಟದ ಪಟ್ಟಿ ಜಗ್ಗಿ ತೋರಿಸಿ, "ಫ್ರೀ ಸೈಜ್ ಅಮ್ಮಾ! ಎಲಾಸ್ಟಿಕ್ ಬಾಗಾ ಸಾಗುತುಂದಿ!" ಅಂದ. ಚಲೋ ಜಗ್ಗತೈತಿ ಅಂತ. ನಾನು ಅದನ್ನ ಆಶೀರ್ವಾದ ಅಂತ ತಿಳಕೊಂಡೆ.

ಮನ್ಯಾಗ ತೊಟ್ಟು ತೋರಿಸಿದೆ. ನಮ್ಮನಿಯವರು ಚಾದ ಕಪ್ಪು ಕೆಳಗಿಟ್ರು.

"ಇದು ಲಂಗ ಅಲ್ಲೇನು?"

"ಲಂಗ ಅಲ್ರಿ, ಪಲಾಜೊ."

"ಒಂದೊಂದು ಕಾಲಾಗ ಒಂದೊಂದು ಚೀಲ ಜೋಳ ಹಿಡಿತೈತಿ ನೋಡು!"

ಅವರ ಲಿನನ್ ಅಂಗಿದು ಬ್ಯಾರೇನೇ ಕಥಿ. ಹುಟ್ಟಿದಾಗಿಂದ ಇನ್ ಮಾಡಿಕೊಂಡೇ ಬಂದ ಮನುಷ್ಯಾ. ನಾನು ಅಂಗಿ ಹೊರಗ ಜಗ್ಗೂದು, ಆ ಕಡಿ ತಿರುಗಿದ ಕೂಡ್ಲೆ ಅವರು ಒಳಗ ತುರುಕೂದು. "ಅಂಗಿ ಹೊರಗ ಬಿಟ್ರ ಯಾರೋ ಹೊಡದು ಓಡಿಸಿದಂಗ ಅನಸ್ತೈತಿ ನನಗ" ಅಂತ ಗೊಣಗಿದ್ರು. ಕಡೀಕ ಬ್ಯಾಗು ತುಂಬೂ ಮುಂದ ಒಂದು ಮಾತು ಅಂದ್ರು. "ಗಿರಿಜಾ, ಒಂದು ಸೀರಿ ಇರಲಿ. ಯಾವದಕ್ಕರ ಬೇಕಾಗ್ತೈತಿ."

"ಯಾತಕ್ಕ ಬೇಕಾಗ್ತೈತಿ? ಮೂರು ಬಣ್ಣದಾಗ ಸೀರಿ ಹೊಂದೂದಿಲ್ಲ!" ಅಂತ ಇಟ್ಟಿದ್ದ ಸೀರಿನೂ ತೆಗದು ಕಪಾಟಿನ್ಯಾಗ ಒಗದೆ. ಆ ಸೀರಿ ಶಾಪ ತಟ್ಟಿತು ಬಿಡ್ರಿ.

ಹಿಮಾಯತ್‌ನಗರದ ಹೋಟೆಲ್ ಮುಟ್ಟಿದ್ವಿ. ರೂಮಿನ್ಯಾಗ ಆಳೆತ್ತರದ ಕನ್ನಡಿ ಇತ್ತು. ಅದರ ಮುಂದ ನಿಂತೆ. ಖರೇ ಹೇಳ್ತೀನಿ, ನನಗ ನನ್ನ ಗುರ್ತೇ ಸಿಗಲಿಲ್ಲ. ಇಂಥಾ ಹೊತ್ತಿನ್ಯಾಗ ಜಾಣ ಹೆಂಗಸು ಸುಮ್ನ ಇರ್ತಾಳ. ನಾನು ಕನ್ನಡಿಯೊಳಗಿನ ಫೋಟೋ ಹೊಡಕೊಂಡು, "ಸಿಟಿ ಗೆಟವೇ, ಹಿಮಾಯತ್‌ನಗರ" ಅಂತ ಬರದು, ವಾಟ್ಸ್‌ಆಪ್ ಸ್ಟೇಟಸ್ಸಿಗಿ ಹಾಕಿದೆ!

ಫೋನು ಹೊಡಕೊಂತು. ನಮ್ಮ ಮಾವನವರ ತಂಗಿ, ಶಾಂತತ್ತಿ. ಮೂಲ ಕಲಬುರಗಿಯವರು, ಮದುವಿಯಾದಾಗಿಂದ ಇಲ್ಲೇ ಅದಾರ. ಇಲ್ಲೇ ಅಂದ್ರ ಎಲ್ಲಿ? ಹಿಮಾಯತ್‌ನಗರದಾಗ. ನಮ್ಮ ಹೋಟೆಲಿನ ಹಿಂದಿನ ಗಲ್ಲ್ಯಾಗ! ಬಣ್ಣ ಹೊಂದಿಸೂ ಭರದಾಗ ಅತ್ತಿ ಮನಿ ಎಲ್ಲೈತಿ ಅನ್ನೂದೇ ನನ್ನ ತಲಿಯಿಂದ ಹಾರಿ ಹೋಗಿತ್ತು.

"ಗಿರಿಜಾ, ನಾ ಸತ್ತೀನೇನು?"

"ಅಯ್ಯ, ಬಿಡ್ತು ಅನ್ರಿ ಅತ್ತಿ!"

"ಮತ್ತ ನಾ ಜೀವಂತ ಇರೂ ಊರಾಗ ನನ್ನ ಅಣ್ಣನ ಮಗಾ ಲಾಡ್ಜಿನ್ಯಾಗ ಯಾಕ ಇಳದಾನ?"

ನಮ್ಮ ಮಂದಿಯೊಳಗ ಕೊಲಿಗರ ಮಾಫಿ ಐತಿ, ಬಳಗ ಇರೂ ಊರಾಗ ಲಾಡ್ಜಿನ್ಯಾಗ ಇಳದಿದ್ದಕ್ಕ ಇಲ್ಲ. "ಐದು ನಿಮಿಷ ಕುಂತು, ಚಾ ಕುಡದು ಎದ್ದು ಬರೂಣು" ಅಂತ ನಮ್ಮನಿಯವರನ್ನ ಹೊರಡಿಸಿದೆ. ಅವರು ಸಾವಕಾಶ ಅಂಗಿ ಇನ್ ಮಾಡಿಕೊಂಡ್ರು.

ಬಾಗಲಾ ತಗದ ಅತ್ತಿ ನನ್ನ ಮ್ಯಾಲಿಂದ ಕೆಳಗಿನ ತನ ನೋಡಿದ್ರು. ಅವರ ಮುಖದಾಗ ಖರೇನೇ ಕಾಳಜಿ ಇತ್ತು. "ಯಾಕ ಯವ್ವಾ, ಆರಾಮ ಇಲ್ಲೇನು? ದವಾಖಾನಿಗಿ ತೋರಸಾಕ ಬಂದೀರೇನು?"

"ಆರಾಮ ಅದೀನ್ರಿ ಅತ್ತಿ. ಇದು... ಸ್ಟೈಲು."

"ಹೌದಾ," ಅಂದ್ರು ಅತ್ತಿ. ಮುಂದ ಆ ವಿಷಯ ಎತ್ತಲಿಲ್ಲ. ಬೈದಿದ್ರ ಚಲೋ ಇತ್ತು.

ಐದು ನಿಮಿಷದ ಚಾ ಹೋಳಿಗಿ ಊಟ ಆತು. ಉಂಡು ಎದ್ವಿ, ನಮಸ್ಕಾರ ಮಾಡಿದ್ವಿ. ಇಪ್ಪತ್ತೈದನೇ ವರ್ಷ ಅಂತ ನಮ್ಮನಿಯವರು ಬಾಯಿ ಬಿಟ್ರು. ಅಷ್ಟ ಸಾಕಾತು. "ಮುತ್ತೈದಿ ಮನಿಗಿ ಬಂದು ಬರೇ ಉಡೀಲೆ ಹೋಗಬಾರದು" ಅಂತ ಅತ್ತಿ ಮೊರದಾಗ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಎಲಿ ಅಡಿಕಿ ಇಟ್ಟುಕೊಂಡು ಬಂದು ನನ್ನ ಮುಂದ ನಿಂತ್ರು. "ಒಡ್ಡು ಯವ್ವಾ ಉಡಿ."

ರೂಢಿ ಪ್ರಕಾರ ನನ್ನ ಕೈ ಸೆರಗು ಹುಡುಕ್ಯೋತ ಹೆಗಲಿಗಿ ಹೋತು. ಹೆಗಲ ಮ್ಯಾಲ ಏನೂ ಇಲ್ಲ! ಸೆರಗಿಲ್ಲ, ದುಪಟ್ಟಾನೂ ಇಲ್ಲ. ಬರೇ ಲುಕ್ಕು. ನಾನು ಸೋಲಾಕ ತಯಾರಿರಲಿಲ್ಲ. ಕುರ್ತಾದ ಮುಂದಿನ ಭಾಗ ಎರಡೂ ಕೈಲೆ ಎತ್ತಿ ಒಡ್ಡಿದೆ. ಸದರಿ ಕುರ್ತಾಕ್ಕೆ ಎರಡೂ ಬದಿಯಲ್ಲಿ ಸೊಂಟದವರೆಗೆ ಸೀಳು ಇರುವ ಸಂಗತಿ ಆ ಕ್ಷಣದಲ್ಲಿ ನನ್ನ ಗಮನಕ್ಕೆ ಬಂದಿರಲಿಲ್ಲ. ಮೊದಲನೇ ಹಿಡಿ ಅಕ್ಕಿ ಎಡಕ್ಕ ಹೋತು. ಎರಡನೇದು ಬಲಕ್ಕ. ಅತ್ತಿ ಕಣ್ಣು ಮುಚ್ಚಿ ದೇವರನ್ನ ನೆನಕೋತ ತುಂಬಾಕತ್ತಿದ್ರು, ನೋಡಲಿಲ್ಲ. ಕಾಯಿ ಇಟ್ರು. ಅದು ಉರುಳಿ ನಮ್ಮನಿಯವರ ಕಾಲ ಮ್ಯಾಲ ಬಿತ್ತು.

"ಅವ್ವಾ!" ಅಂತ ಅವರು ಒಂಟಿಗಾಲಿನ್ಯಾಗ ಕುಣದ್ರು.

"ಉಡಿ ಅಕ್ಕಿ ನೆಲಕ್ಕ ಬಿತ್ತಲ್ಲೋ ಮಲ್ಲಣ್ಣಾ!" ಅಂತ ಅತ್ತಿ ಅವರನ್ನೇ ಬೈದ್ರು.

"ನಾನೇನು ಮಾಡ್ಲಿ ಅತ್ತಿ? ಪ್ಯಾಂಟಿನ ಕಾಲಾಗರ ಹಾಕರಿ, ಒಂದೊಂದು ಚೀಲ ಹಿಡಿತೈತಿ!"

ನಾನು ಕೆಕ್ಕರಿಸಿ ನೋಡಿದೆ. ಆದ್ರ ಉಪಯೋಗ ಏನು? ಅತ್ತಿ ಆಗಲೇ ಟ್ರಂಕು ತಗದಿದ್ರು. ನನಗ ಜರಿ ಅಂಚಿನ ಖಡಕ್ ಸೀರಿ, ಅವರಿಗಿ ಧೋತರ, ಶಲ್ಲೆ, ಬಿಳೀ ಟೊಪ್ಪಿಗಿ. ಆಯೇರಿ ಉಡುಗೊರಿ! "ಉಟ್ಟೇ ಹೋಗಬೇಕು" ಅಂತ ಅಪ್ಪಣಿ. ಜಂಪರ್ ಅತ್ತಿದೇ ಕೊಟ್ರು. ಅದರೊಳಗ ನನ್ನಂಥವರು ಇಬ್ಬರು ಸಂಸಾರ ಮಾಡಬಹುದು. ಪಿನ್ನು ಹಚ್ಚಿ ಹಚ್ಚಿ ನಿಲ್ಲಿಸಿದ್ವಿ. "ಲಂಗ ಕೊಡ್ಲೇನು, ಲಾಡಿ ಗಟ್ಟಿ ಐತಿ" ಅಂದ್ರು. ನನಗೂ ಒಂದು ಅಭಿಮಾನ ಅನ್ನೂದು ಇರ್ತೈತಲ್ರಿ! "ಬ್ಯಾಡ್ರಿ ಅತ್ತಿ, ಪಲಾಜೊದ ಎಲಾಸ್ಟಿಕ್ಕಿಗೇ ಸಿಗಸ್ತೀನಿ" ಅಂದೆ. ಸಿಗಿಸಿದೆ. ಮತ್ತ ಉಡಿ ತುಂಬಿದ್ರು, ಈ ಸಲ ಸೆರಗಿನ್ಯಾಗ. ಕಾಯಿ ಸಮೇತ ಗಂಟು ಹಾಕಿ ಸೊಂಟಕ್ಕ ಸಿಗಸಿದ್ರು.

"ಬರ್ತೀವ್ರಿ ಅತ್ತಿ, ಹೋಟೆಲಿಗಿ ಹೋಗಿ..."

"ಉಡಿ ತುಂಬಿಸಿಕೊಂಡಾಕಿ ಲಾಡ್ಜಿಗಿ ಹೋಗ್ತಾಳೇನು? ನೆಟ್ಟಗ ಮನಿಗಿ ಹೋಗಿ ದೇವರ ಮುಂದ ಬಿಚ್ಚಬೇಕು. ನಡುವ ಎಲ್ಲೂ ನಿಂದರಬಾರದು."

ಮುಗೀತು! ಎರಡು ದಿನದ ಪ್ರವಾಸ ಮಧ್ಯಾಹ್ನದ ಊಟಕ್ಕ ಮುಗೀತು. ನಮ್ಮನಿಯವರು ಧೋತರ ಎತ್ತಿ ಹಿಡಕೊಂಡು ಕುಂಟಕೋತ ಹೋಗಿ ಹೋಟೆಲಿನಿಂದ ಬ್ಯಾಗು ತಂದ್ರು. ಆ ರೂಮಿನ ಹಾಸಿಗಿ ಮ್ಯಾಲ ನಾವು ಒಮ್ಮೆ ಕುಂತೂ ಇರಲಿಲ್ಲ.

ಆಟೋದಾಗ ನನಗ ಅಳು ಬಂತು. ದುಃಖದ ಅಳು ಅಲ್ಲ, ಸಿಟ್ಟಿನ ಅಳು. ಅತ್ತಿ ಮ್ಯಾಲ ಸಿಟ್ಟು, ಸಿಂಚನಾ ಮ್ಯಾಲ ಸಿಟ್ಟು, ಸ್ಟೇಟಸ್ ಹಾಕಿದ ನನ್ನ ಬೆರಳ ಮ್ಯಾಲ ಎಲ್ಲಾರಕಿಂತ ಹೆಚ್ಚು ಸಿಟ್ಟು. "ಒಂದು ಫೋಟೋ ಕೇಳಿದ್ದೆ ರೀ ನಾನು. ಒಂದೇ ಒಂದು!" ಅಂದೆ. ಅವರು ಟೊಪ್ಪಿಗಿ ಸರಿ ಮಾಡಿಕೊಂಡ್ರು. ಆಮ್ಯಾಲ ಮುಂದಕ ಬಾಗಿ ಆಟೋದವಗ ಅಂದ್ರು: "ಅನ್ನಾ, ಟ್ಯಾಂಕ್‌ಬಂಡ್ ಮೀದುಗಾ ಪೋನೀ."

ಟ್ಯಾಂಕ್‌ಬಂಡ್ ಮ್ಯಾಲ ಹಾದು ಹೋಗು ಅಂತ! "ಅತ್ತಿ ಎಲ್ಲೂ ನಿಂದರಬ್ಯಾಡ ಅಂದಾರಲ್ರಿ?" ಅಂದೆ.

"ಅತ್ತಿಗಿ ಸ್ಟೇಟಸ್ ಹಾಕಿ ತಿಳಸಬ್ಯಾಡ, ಅಷ್ಟ ಸಾಕು."

ಇಳದ್ವಿ. ಹಿಂದ ಹುಸೇನ್ ಸಾಗರ, ಮುಂದ ನಾವು. ನನ್ನ ಕಾಲಾಗ ಬಿಳೀ ಶೂ, ಮೈ ಮ್ಯಾಲ ಖಡಕ್ ಸೀರಿ, ಸೊಂಟದಾಗ ತೆಂಗಿನಕಾಯಿ. ಅವರದು ಧೋತರದ ಮ್ಯಾಲ ಮುದುರಿದ ಲಿನನ್ ಅಂಗಿ. ಧೋತರಕ್ಕ ಇನ್ ಮಾಡಾಕ ಬರೂದಿಲ್ಲ, ಹಿಂಗಾಗಿ ಸಿಂಚನಾ ಹೇಳಿದ ಒಂದು ಮಾತರ ನಡದಂಗಾತು. ದಾರಿಯೊಳಗ ಹೊಂಟಿದ್ದ ಕಾಲೇಜು ಹುಡುಗಿಗಿ ಫೋನು ಕೊಟ್ಟು ಫೋಟೋ ಹೊಡಿ ಅಂದ್ವಿ. ಯಥಾಪ್ರಕಾರ ನಮ್ಮನಿಯವರು ಮಾರು ದೂರ ನಿಂತ್ರು, ಕೈ ಇಳಿಬಿಟ್ಟು.

ಅವಾಗ ಎಲಾಸ್ಟಿಕ್ಕು ತನ್ನ ಗುಣ ತೋರಿಸ್ತು. ಸಾವಕಾಶ, ಭಾಳ ಸಾವಕಾಶ, ಕಾಯಿ ಭಾರಕ್ಕ ಜಗ್ಗಾಕತ್ತಿತು. ಸಾಗುತುಂದಿ ಅಂದಿದ್ನಲ್ಲ, ಸಾಗಿತು! ನನ್ನ ಎರಡೂ ಕೈ ಉಡಿ ಹಿಡದಾವ. ಬಿಟ್ರ ಅಕ್ಕಿ ಮತ್ತ ನೆಲಕ್ಕ.

"ರೀ, ಜಾರಾಕತ್ತೈತಿ!" ಅಂತ ಪಿಸುಗುಟ್ಟಿದೆ.

"ಏನು?"

"ಎಲ್ಲಾ! ಲಗೂನ ಬಂದು ಸೊಂಟಾ ಹಿಡಕೊಳ್ರಿ!"

ಅವರು ಅತ್ತಾಗ ಇತ್ತಾಗ ನೋಡಿದ್ರು. "ಇಲ್ಲೇ? ಮಂದಿ ನೋಡ್ತಾರ!"

"ಹಿಡಕೊಳ್ಳಲಿಲ್ಲಂದ್ರ ಮಂದಿ ಇನ್ನಾ ಚಲೋ ನೋಡ್ತಾರ!"

ಎರಡು ಹೆಜ್ಜಿಗಿ ಬಂದ್ರು. ಹಿಂದಿನಿಂದ ಕೈ ಹಾಕಿ ಸೀರಿ, ಪಲಾಜೊ, ಎಲಾಸ್ಟಿಕ್ ಎಲ್ಲಾ ಕೂಡಿಸಿ ಗಟ್ಟಿ ಹಿಡದ್ರು. "ಥೋಡಾ ಔರ್ ಪಾಸ್, ಅಂಕಲ್!" ಅಂತ ಆ ಹುಡುಗಿ ಖುಷೀಲೆ ಒದರಿದಳು. ಇನ್ನಷ್ಟು ಹತ್ತರ ಬಂದ್ರು. ಬರಲಾರದ ಗತಿ ಇರಲಿಲ್ಲ. ಅವರ ಟೊಪ್ಪಿಗಿ ಗಾಳಿಗಿ ಸೊಟ್ಟ ಆತು. ನನಗ ಸಿಟ್ಟಿನ್ಯಾಗೇ ನಗು ಬಂತು, ಅವರಿಗೂ ಬಂತು. ಅಷ್ಟರಾಗ ಆಕಿ ಫೋಟೋ ಹೊಡದಳು.

ಫೋಟೋ ಮಾತ್ರ ಭಾರಿ ಬಂದೈತ್ರಿ. ಕಟ್ಟು ಹಾಕಿಸಿ ಹಾಲಿನ್ಯಾಗ ಹಚ್ಚೀನಿ. ಮೂರು ಬಣ್ಣದ ಅರಿವಿ ಕಪಾಟಿಗಿ ಹೋದ್ವು, ಪಲಾಜೊದ ಒಂದೊಂದು ಕಾಲು ಒಂದೊಂದು ಲೋಡಿನ ಗವಸ ಆಗ್ಯಾವ. ಸಿಂಚನಾ ಫೋಟೋ ನೋಡಿ, "ಆಂಟಿ, ಅಂಕಲ್ ಎಷ್ಟು ರೊಮ್ಯಾಂಟಿಕ್! ಹೇಗೆ ಸೊಂಟ ಬಳಸ್ಕೊಂಡು ನಿಂತಿದಾರೆ ನೋಡಿ!" ಅಂದಳು. ನಮ್ಮನಿಯವರು ಪೇಪರಿನ ಹಿಂದ ಮುಖ ಮುಚ್ಚಿಕೊಂಡ್ರು. ನಾನು ಎಲಾಸ್ಟಿಕ್ಕಿನ ಸುದ್ದಿ ಹೇಳಲಿಲ್ಲ. ಇಪ್ಪತ್ತೈದು ವರ್ಷಕ್ಕ ಒಮ್ಮೆ ಹತ್ತರ ಬಂದಾರ, ಯಾಕ ಬಂದ್ರು ಅಂತ ಮಂದಿಗಿ ಯಾಕ ಹೇಳಬೇಕು?

ಫೋಟೋ ತೆಗಸಿದ ದಿನಾನೇ ಅದನ್ನ ನಮ್ಮವ್ವಗ ಕಳಿಸಿದ್ದೆ. ಕಡೀಕೂ ನಾವಿಬ್ಬರೇ ಇರೂ, ಯಾರ ಸೋದರಮಾವನೂ ಅಡ್ಡ ಬರಲಾರದ ಫೋಟೋ! ಆಕಿ ಕೂಡ್ಲೆ ಫೋನು ಮಾಡಿದಳು.

"ಚಂದ ಬಂದೈತಿ ಗಿರಿಜಾ, ಸೀರಿನೂ ಚಲೋ ಐತಿ," ಅಂದಳು. ಆಮ್ಯಾಲ ದನಿ ಸಣ್ಣದು ಮಾಡಿ, ಮನಸಿಗಿ ಹಚ್ಚಿಕೊಂಡು ಕೇಳಿದಳು: "ಯಾರ ಲಗ್ನದಾಗ ತೆಗಸಿದ್ದು? ನನಗ ಪತ್ರಿಕಾನೇ ಬರಲಿಲ್ಲ!"