ಚಂದ್ರನ ಮೇಲೆ ಮಲಗುವ ಎತ್ತು

ನನ್ನ ಹೆಂಡತಿ ಕರೆಮ್ಮನ ಪ್ರಕಾರ, ಅಂಗಡಿಗೆ ಒಬ್ಬನೇ ಹೋಗಲು ಲಾಯಕ್ಕಿಲ್ಲದ ಗಂಡಸು ಇಡೀ ರಾಯಚೂರು ಜಿಲ್ಲೆಯಲ್ಲಿ ನಾನೊಬ್ಬನೇ. ಬದನೆಕಾಯಿ ತಂದರೆ ಹುಳುಕು, ಕೊಡೆ ತಂದರೆ ತೂತು, ಚಪ್ಪಲಿ ತಂದರೆ ಎರಡೂ ಎಡಗಾಲಿನವು. (ಚಪ್ಪಲಿಯದು ಒಂದೇ ಸಲ ಆದದ್ದು. ಅವಳು ಹೇಳುವ ಧಾಟಿ ಕೇಳಿದರೆ ನಾನು ಹುಟ್ಟಿದಾಗಿನಿಂದ ಎಡಗಾಲಿನವನ್ನೇ ಕೊಳ್ಳುತ್ತ ಬಂದಿದ್ದೇನೆ ಅನ್ನಿಸುತ್ತದೆ.) ಅಂಥ ನಾನು, ದ್ವಿತೀಯ ದರ್ಜೆ ಗುಮಾಸ್ತ ಕನಕರಾಯ, ಎಂಬತ್ತೇಳನೇ ಇಸವಿಯಲ್ಲಿ ಅಂತರಿಕ್ಷಯಾನ ಕೈಗೊಳ್ಳಲು ತೀರ್ಮಾನಿಸಿದೆ.

ಯಾನವೆಂದರೆ ಮನೆಯಲ್ಲೇ ಚಾಪೆಯ ಮೇಲೆ ಕೂತು. ನಮ್ಮ ಓಣಿಯ ತುದಿಗೆ ರೇಡಿಯೋ ಮಾರುವ ಅಲ್ಲಾಉದ್ದೀನ್ ಹೈದರಾಬಾದಿನಿಂದ ಎರಡು ವಿಡಿಯೋ ಗೇಮ್ ತಂದು ಗಾಜಿನ ಕಪಾಟಿನಲ್ಲಿಟ್ಟಿದ್ದ. ತಂತಿಯನ್ನು ಟಿ.ವಿ.ಗೆ ಸಿಕ್ಕಿಸಿ, ಪುಟ್ಟ ಕೋಲೊಂದನ್ನು ಹಿಡಿದು ತಿರುಗಿಸಿದರೆ ನೀವು ಗಗನಯಾತ್ರಿ. ಕೆಂಪು ಡಬ್ಬಿಯದರಲ್ಲಿ ನಕ್ಷತ್ರಗಳ ನಡುವೆ ನುಗ್ಗುತ್ತ ಶತ್ರುಗಳ ನೌಕೆಗಳನ್ನು ಹೊಡೆದುರುಳಿಸಬೇಕು. ನೀಲಿ ಡಬ್ಬಿಯದರಲ್ಲಿ ಇಂಧನ ಮುಗಿಯುವುದರೊಳಗೆ ಚಂದ್ರನ ಮೇಲೆ ಮೆಲ್ಲಗೆ ಇಳಿಯಬೇಕು. ನನ್ನ ಜೇಬಿಗೆ ಒಂದು ಮಾತ್ರ ಸಾಧ್ಯವಿತ್ತು. ಯಾವುದು?

ನಾನು ದಿನಾ ಸಂಜೆ ಕಚೇರಿಯಿಂದ ನೇರವಾಗಿ ಅಲ್ಲಾಉದ್ದೀನನ ಅಂಗಡಿಗೆ ಹೋಗಿ ತುಲನಾತ್ಮಕ ಅಧ್ಯಯನ ನಡೆಸತೊಡಗಿದೆ. ಅಂಗಡಿಯಲ್ಲಿ ಟಿ.ವಿ. ಇರಲಿಲ್ಲವಾದ್ದರಿಂದ ಅಧ್ಯಯನವೆಲ್ಲ ಡಬ್ಬಿಯ ಮೇಲಿನ ಚಿತ್ರ ನೋಡಿಯೇ. ಕೆಂಪಿನ ನೌಕೆಗೆ ರೆಕ್ಕೆ ಇತ್ತು, ನೀಲಿಯದಕ್ಕೆ ಕಾಲಿದ್ದವು. ಕೆಂಪಿನಲ್ಲಿ ಶೌರ್ಯ, ನೀಲಿಯಲ್ಲಿ ಸಂಯಮ. ಸೋಮವಾರ ನನಗೆ ಶೌರ್ಯ ಹೆಚ್ಚೆನಿಸಿದರೆ ಮಂಗಳವಾರ ಸಾಹೇಬರ ಕೈಲಿ ಬೈಸಿಕೊಂಡು ಬಂದ ಮೇಲೆ ಸಂಯಮವೇ ಲೇಸೆನಿಸುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ರೊಟ್ಟಿಯನ್ನು ಚಂದ್ರನನ್ನಾಗಿಯೂ ಹಸಿಮೆಣಸಿನಕಾಯಿಯನ್ನು ನೌಕೆಯನ್ನಾಗಿಯೂ ಮಾಡಿ ಕರೆಮ್ಮನಿಗೆ ವಿವರಿಸಿದೆ.

“ಯಾರಿಗೆ ಬೇಕಾಗ್ಯಾದ ಇದು?” ಎಂದಳು.

“ಮಗಳಿಗೆ. ವಿಜ್ಞಾನ ಬೆಳೀತದ.”

“ಅಕಿಗಿನ್ನಾ ಹಲ್ಲು ಬಂದಿಲ್ಲ. ಮೊದ್ಲು ಹಲ್ಲು ಬೆಳೀಲಿ. ಮತ್ತ ನನ್ನ ಐತವಾರದ ಸಿನಿಮಾಕ್ಕ ಏನರ ತ್ರಾಸಾತು, ನೋಡ್ರಿ ಮತ್ತ!”

ಭಾನುವಾರ ಸಂಜೆಯ ಸಿನಿಮಾ ಅಂದರೆ ಕರೆಮ್ಮನಿಗೆ ಪ್ರಾಣ. ಓಣಿಯ ಹೆಂಗಸರೆಲ್ಲ ನಮ್ಮ ಮನೆಗೇ ಬರುತ್ತಿದ್ದರು, ಟಿ.ವಿ. ಮುಂದೆ ಅವಳು ಪಟ್ಟದರಸಿಯ ಹಾಗೆ ಕೂರುತ್ತಿದ್ದಳು. ಸಿನಿಮಾಕ್ಕೆ ಕೂದಲೆಳೆಯಷ್ಟೂ ಧಕ್ಕೆ ಬರುವುದಿಲ್ಲವೆಂದು ಮಗಳ ತಲೆ ಮುಟ್ಟಿ ಆಣೆ ಮಾಡಿದೆ. ಆಮೇಲೆ ಅವಳು ಒಂದೇ ಷರತ್ತು ಹಾಕಿದಳು.

“ನೀವೊಬ್ರೇ ಆರಿಸೋದು ಬ್ಯಾಡ. ಯಪ್ಪ ಬಂದು ನೋಡ್ಲಿ. ಯಪ್ಪ ಹೂಂ ಅಂದದ್ದನ್ನ ತೊಗೊಳ್ರಿ.”

ಅವಳ ಅಪ್ಪ, ಜಾಲಹಳ್ಳಿಯ ಮುದುಕಪ್ಪ, ದೇವದುರ್ಗದ ದನದ ಸಂತೆಯಲ್ಲಿ ದೊಡ್ಡ ಹೆಸರು. ಎತ್ತಿನ ನೆರಳು ನೋಡಿ ಅದರ ಸ್ವಭಾವ ಹೇಳುವವರು. ಅವರನ್ನು ಅಂತರಿಕ್ಷಕ್ಕೆ ಪರೀಕ್ಷಕರನ್ನಾಗಿ ಕರೆಸುವುದು ಹೇಗೆಂದು ನಾನು ಕೇಳಲಿಲ್ಲ. ಎಡಗಾಲಿನ ಚಪ್ಪಲಿಗಳನ್ನು ಕೊಂಡವನಿಗೆ ಕೇಳುವ ಹಕ್ಕು ಎಲ್ಲಿಯದು?

ಭಾನುವಾರ ಬೆಳಿಗ್ಗೆ ಮಾವ ಮೊದಲ ಬಸ್ಸಿಗೆ ಬಂದಿಳಿದರು, ಹೆಗಲ ಮೇಲೆ ಕೆಂಪಂಚಿನ ಟವೆಲ್ಲು. ಅಲ್ಲಾಉದ್ದೀನನೂ ಎರಡು ಡಬ್ಬಿ ಹಿಡಿದು ಮನೆಗೇ ಬಂದ. ಅವನ ಅಪ್ಪ ಮಾನ್ವಿ ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿದ್ದವರೆಂದು ತಿಳಿದೊಡನೆ ಮಾವನ ಮುಖ ಅರಳಿತು.

“ಎಲ್ಲೀವು ಇವು?”

“ಜಪಾನಿನವು, ಕಾಕಾ.”

“ಆ ಸೀಮಿ ಮಾಲು ನಾ ನೋಡಿಲ್ಲ. ಹೊಡದು ತೋರ್ಸು.”

ನಾನು ನೀಲಿ ಡಬ್ಬಿಯದನ್ನು ಟಿ.ವಿ.ಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಕೋಲು ತಿರುಗಿಸಿದೆ. ಏನಾಶ್ಚರ್ಯ, ನೌಕೆ ಹೂವಿನಂತೆ ಚಂದ್ರನ ಮೇಲೆ ಇಳಿಯಿತು! ಹೆಮ್ಮೆಯಿಂದ ಮಾವನತ್ತ ನೋಡಿದೆ.

“ಯಾಕ ಕುಂತಿತು?” ಎಂದರು.

“ಇಳೀತು, ಮಾವ. ಅದೇ ಆಟ.”

“ಮತ್ತ ಎಬ್ಬಸು.” ಎಬ್ಬಿಸಿದೆ, ಮತ್ತೆ ಇಳಿಯಿತು. ಮಾವ ತಲೆಯಾಡಿಸಿದರು. “ಹೋದಲ್ಲೆಲ್ಲಾ ಮಕ್ಕೊಂತದ. ನೆಲ ಕಂಡ್ರ ಸಾಕು, ಕಾಲು ಮಡಚತದ. ಬಿಸಲಾಗ ಹೂಡಿದ್ರ ಏನು ಗತಿ?”

ಕೆಂಪಿನದು ಹಾಕಿದೆ. ಎದುರಿಗೆ ಬಂದ ನೌಕೆಗಳನ್ನೆಲ್ಲ ಡಬಡಬ ಹೊಡೆದೆ. ಮಾವ ಎರಡು ಹೆಜ್ಜೆ ಹಿಂದೆ ಸರಿದರು. “ಇದು ಹಾಯೋ ಎತ್ತು! ದಾರ್ಯಾಗ ಹೋಗೋರ ಮ್ಯಾಲೆಲ್ಲಾ ಬೀಳಾಕತ್ತದ. ಕೂಸಿರೋ ಮನಿಗಿ ಇದನ್ನ ತರ್ತಾರೇನು?”

ಎರಡೂ ನಪಾಸಾದರೆ ನನ್ನ ಯಾನ ಮುಗಿದಂತೆ. ಆದರೆ ಮಾವ ಮೀಸೆ ಸವರಿ ತೀರ್ಪು ಕೊಟ್ಟರು.

“ಒಂಟಿ ತೊಗೊಂಡ್ರ ಎರಡೂ ಕೆಟ್ಟವು. ಜೋಡಿ ಕಟ್ಟಿದ್ರ ಚಲೋ. ಹಾಯೋದನ್ನ ಎಡಕ್ಕ ಹೂಡು, ಮಕ್ಕೊಳ್ಳೋದನ್ನ ಬಲಕ್ಕ ಹೂಡು. ಅದು ಇದನ್ನ ಎಬ್ಬಸ್ತದ, ಇದು ಅದನ್ನ ತಡೀತದ. ಒಂಟಿ ಎತ್ತು ಯಾವ ಮಗ ಕೊಳ್ತಾನ?”

“ಯಪ್ಪಾ, ಎರಡಕ್ಕ ರೊಕ್ಕ ಇಲ್ಲ,” ಎಂದಳು ಕರೆಮ್ಮ.

“ಸುಮ್ನಿರವ್ವ, ನಾ ಹೊಂದಸ್ತೀನಿ.”

ಮಾವ ಟವೆಲ್ಲು ತೆಗೆದು ಅಲ್ಲಾಉದ್ದೀನನ ಕೈ ಮೇಲೆ ಹೊದಿಸಿದರು. ಸಂತೆಯಲ್ಲಿ ವ್ಯಾಪಾರ ಹಾಗೆಯೇ: ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದೇ ಎಲ್ಲ ಮಾತು, ಮೂರನೆಯವರು ತುಟಿ ಬಿಚ್ಚಬಾರದು. ನಾನೂ ಬಿಚ್ಚಲಿಲ್ಲ. ಎರಡೂ ಸಿಗುವಾಗ ಯಾಕೆ ಬಿಚ್ಚಲಿ? ನನ್ನ ಮನಸ್ಸು ಆಗಲೇ ಶೌರ್ಯವನ್ನೂ ಸಂಯಮವನ್ನೂ ಒಟ್ಟಿಗೆ ಹೂಡಿಕೊಂಡು ಹೊರಟಿತ್ತು. ನಡುವೆ ಅಲ್ಲಾಉದ್ದೀನ್ ಒಮ್ಮೆ ನಮ್ಮ ಟಿ.ವಿ.ಯತ್ತ ನೋಡಿದ, ಮಾವ ಕಣ್ಣು ಮಿಟುಕಿಸಿದರು. ಚಪ್ ಎಂದು ಕೈ ಮೇಲೆ ಕೈ ಬಿತ್ತು. ಅಲ್ಲಾಉದ್ದೀನ್ ಡಬ್ಬಿಗಳನ್ನು ಅಲ್ಲೇ ಬಿಟ್ಟು ನಮ್ಮ ಟಿ.ವಿ.ಯನ್ನು ಎತ್ತಿಕೊಂಡ.

“ಏ, ಏ! ಎಲ್ಲಿಗಿ ಒಯ್ಯಾಕತ್ತಿ?” ನಾನು ಕೂಗಿದೆ.

“ಹಳೇದು ಕೊಟ್ಟು ಹೊಸಾ ಜೋಡಿ ತೊಗೊಂಡೀನಿ,” ಎಂದರು ಮಾವ, ಎದೆ ಉಬ್ಬಿಸಿ. “ನಿನ್ನ ಜೇಬಿಗಿ ಕೈ ಹಚ್ಚಿಲ್ಲ. ಇಂಥಾ ವ್ಯಾಪಾರ ದೇವದುರ್ಗದಾಗ ಯಾರ ಮಾಡ್ಯಾರ, ಹೇಳು!”

“ಅದಿಲ್ಲದ ಇವು ಆಡಂಗಿಲ್ಲ, ಮಾವ!”

“ಅದು ನಿಂತಲ್ಲೇ ನಿಂತಿತ್ತಲ್ಲೋ! ಕುಣಿದದ್ದು ಇವು. ಮೈಯಾಗ ಕಸುವಿಲ್ಲದ ಮುದಿ ಎತ್ತು ಅನ್ಕೊಂಡೆ.”

ವ್ಯಾಪಾರ ಮುರಿಯಿರೆಂದು ಬೇಡಿಕೊಂಡೆ. ಕೈ ಮೇಲೆ ಕೈ ಬಿದ್ದ ಮೇಲೆ ಮಾತು ತಿರುಗಿಸಿದರೆ ಮುಂದಿನ ಸಂತೆಯಲ್ಲಿ ಮುಖ ತೋರಿಸುವುದು ಹೇಗೆಂದು ಮಾವ ಕೇಳಿದರು. ಅಲ್ಲಾಉದ್ದೀನನೂ, “ಹೌದ್ರೀ ಸಾಬ್, ನಮ್ಮಪ್ಪನ ಹೆಸರಿನ ಪ್ರಶ್ನೆ,” ಎಂದು ಬಾಗಿಲತ್ತ ನಡೆದ. (ಟಿ.ವಿ. ತರಲಿಲ್ಲವೆಂದು ಅವನ ಹೆಂಡತಿ ಜೈನಾಬ್ ವಾರದಿಂದ ಮಾತು ಬಿಟ್ಟಿದ್ದಳಂತೆ. ಅಪ್ಪನ ಹೆಸರಿನ ಒಳಗುಟ್ಟು ಇದು.)

“ನಿಂದ್ರು!” ಮಾವ ಗುಡುಗಿದರು. ನನಗೆ ಜೀವ ಬಂತು. ಅವರು ಟಿ.ವಿ.ಯ ಬೆನ್ನಿನಿಂದ ಅಂಟೆನಾ ತಂತಿಯನ್ನು ಕಿತ್ತು ಕೈಗೆ ಸುತ್ತಿಕೊಂಡರು. “ಎತ್ತು ಮಾರಿದ್ರೂ ಹಗ್ಗ ಮಾರಂಗಿಲ್ಲ. ಮನಿ ಲಕ್ಷ್ಮಿ ಹೋಗ್ತಾಳ. ಈಗ ಒಯ್ಯಿ.”

ಕರೆಮ್ಮ ಅಪ್ಪನಿಗೆ ಬೈಯಬಹುದೆಂದು ಕಾದೆ. “ಯಪ್ಪಗೇನು ಗೊತ್ತು? ಎದುರಿಗಿ ಕುಂತು ಬಾಯಿ ಮುಚಗೊಂಡಿದ್ರಲ್ಲ, ನಿಮಗೇನಾಗಿತ್ತು?” ಎಂದವಳು ಕೂಸನ್ನೂ ಚಾಪೆಯನ್ನೂ ಎತ್ತಿಕೊಂಡು, ಸಂಜೆ ಓಣಿಯ ಹೆಂಗಸರ ಜೊತೆ ಜೈನಾಬಳ ಮನೆಗೆ ಸಿನಿಮಾಕ್ಕೆ ಹೊರಟೇಹೋದಳು. ನನ್ನ ಎರಡು ಡಬ್ಬಿಗಳೂ ಅವಳ ಕಂಕುಳಲ್ಲಿದ್ದವು. ಟಿ.ವಿ. ಇಲ್ಲದ ಮನೆಯಲ್ಲಿ ಅವಕ್ಕೇನು ಕೆಲಸ?

ಸ್ವಲ್ಪ ಹೊತ್ತಿಗೆ ತಿರುಗಿ ಬಂದಳು. ಅಲ್ಲಿ ಪರದೆ ತುಂಬ ಬರೀ ಚುಕ್ಕಿಯಂತೆ, ಅಂಟೆನಾ ಬೇಕಂತೆ. ಹಗ್ಗ ಎರವಲು ಕೊಡಬಹುದು, ಆದರೆ ಬಿಟ್ಟು ಬರುವಂತಿಲ್ಲ, ಮನೆಯವರೊಬ್ಬರು ಹಿಡಿದೇ ಇರಬೇಕು ಎಂದು ಮಾವ ಶಾಸ್ತ್ರ ಹೇಳಿದರು. ಮನೆಯವರಲ್ಲಿ ಅಂಥ ಒಬ್ಬರು ಯಾರೆಂದು ಯಾರೂ ಕೇಳಲಿಲ್ಲ.

ಹೀಗೆ ನಾನು ನಮ್ಮ ಮಾಳಿಗೆಯ ಅಂಟೆನಾವನ್ನು ತಂತಿ ಸಮೇತ ಕಿತ್ತು ಹೊತ್ತು, ಅಲ್ಲಾಉದ್ದೀನನ ಮಾಳಿಗೆ ಏರಿ ಅದರ ಕಂಬ ಹಿಡಿದು ನಿಂತೆ. “ಎಡಕ್ಕ! ಇನ್ನಾ ಎಡಕ್ಕ! ಹಾಂ, ಅಲ್ಲೇ!” ಎಂದು ಕೆಳಗಿನಿಂದ ಕರೆಮ್ಮನ ಅಪ್ಪಣೆ. ಸಿನಿಮಾ ಮುಗಿಯಿತು. ಅಳುವವರು ಅತ್ತು ಮುಗಿಸಿದರು. ಇನ್ನು ಇಳಿಯಬೇಕೆನ್ನುವಷ್ಟರಲ್ಲಿ ಕೆಳಗಿನಿಂದ ಡಬಡಬ ಸದ್ದು, ಹೆಂಗಸರ ಕೇಕೆ. ನನ್ನ ಕೆಂಪು ಡಬ್ಬಿ!

“ಕರೆಮ್ಮಾ, ನಾ ಇಳೀಲೇನು?”

“ಇಳೀಬ್ಯಾಡ್ರಿ! ಜೈನಾಬಕ್ಕ ಈಗ ಚಂದ್ರನ ಮ್ಯಾಲ ಇಳಿಯಾಕಿ ಅದಾಳ!”

“ಆ ಆಟಕ್ಕ ಅಂಟೆನಾ ಬೇಕಾಗಂಗಿಲ್ಲ!”

“ಯಾವುದಕ್ಕ ಏನು ಬೇಕು ಅಂತ ನಿಮಗ ತಿಳಿದಿದ್ರ ಟಿ.ವಿ. ನಮ್ಮ ಮನ್ಯಾಗ ಇರ್ತಿತ್ತು. ಬಾಯಿ ಮುಚಗೊಂಡು ಗಟ್ಟಿಗಿ ಹಿಡ್ಕೊಳ್ರಿ!”

ಹಿಡಿದುಕೊಂಡೆ.