ಶಿವಮಲ್ಲಪ್ಪನವರ ತೊಂಬತ್ತೆಂಟು

ಹುಲ್ಲಹಳ್ಳಿಯ ಬೆಲ್ಲದ ವ್ಯಾಪಾರಿ ಶಿವಮಲ್ಲಪ್ಪನವರು ಈ ಭೂಮಿಯ ಮೇಲೆ ಹೆದರುತ್ತಿದ್ದುದು ಸೂಜಿಗೆ ಮಾತ್ರ. ಆಲೆಮನೆಗೆ ನಾಗರಹಾವು ನುಗ್ಗಿದರೆ ಕೋಲು ಹಿಡಿದು ಮುಂದೆ ಹೋಗುವವರು ಅವರೇ. (ಹೆಂಡತಿ ಗುರುಬಸಮ್ಮನಿಗೆ ಹೆದರುತ್ತಿರಲಿಲ್ಲವೇ ಎಂದು ಕೇಳಬೇಡಿ. ಅದು ಹೆದರಿಕೆಯಲ್ಲ, ದಿನಚರಿ.) ಸೂಜಿ ಕಂಡರೆ ಮಾತ್ರ ಆ ಭಾರೀ ದೇಹ ಗಡಗಡ ನಡುಗುತ್ತಿತ್ತು.

ಬಚ್ಚಲಿನಲ್ಲಿ ಅವರು ಒಂದಕ್ಕೆ ಹೋಗಿಬಂದ ಜಾಗಕ್ಕೆ ಇರುವೆಗಳು ಸಾಲುಗಟ್ಟಿ ಬರತೊಡಗಿದಾಗ ಗುರುಬಸಮ್ಮ ಗಂಡನನ್ನು ನಂಜನಗೂಡಿನ ಲ್ಯಾಬೊಂದಕ್ಕೆ ಎಳೆದುಕೊಂಡು ಹೋಗಿದ್ದರು. ನರ್ಸಮ್ಮ ತೋಳಿಗೆ ರಬ್ಬರ್ ಕೊಳವೆ ಕಟ್ಟಿ ಸೂಜಿ ತರಲು ಅತ್ತ ತಿರುಗಿದ್ದೇ ತಡ, ಶಿವಮಲ್ಲಪ್ಪನವರು ಇತ್ತ ಮಾಯ. ಕೊಳವೆ ತೋಳಿನಲ್ಲಿದ್ದಂತೆಯೇ ಹುಲ್ಲಹಳ್ಳಿ ಬಸ್ಸು ಹತ್ತಿ ಕೂತಿದ್ದರು.

"ಏನ್ ಸಾ ಅದು, ತಾಯ್ತವಾ?" ಎಂದು ಕಂಡಕ್ಟರ್ ಕೇಳಿದ.

"ಊಂ ಕಣಯ್ಯ. ಪ್ರಾಣ ಉಳಿಸಿದ ತಾಯ್ತ."

ಗುರುಬಸಮ್ಮ ಅಂದೇ ಕಾನೂನು ಹೊರಡಿಸಿದರು: "ರಕ್ತ ಕೊಡೋಗಂಟ ಒಬ್ಬಟ್ಟಿಲ್ಲ, ಪಾಯಸ ಇಲ್ಲ." ಅಂಗಡಿ ತುಂಬ ಬೆಲ್ಲದ ಅಚ್ಚು ಪೇರಿಸಿಕೊಂಡು ಕೂತವರು ಮನೆಗೆ ಬಂದು ಹಾಗಲಕಾಯಿ ಗೊಜ್ಜು ತಿನ್ನಬೇಕಾಯಿತು. ಎಂಥ ಅನ್ಯಾಯ ನೋಡಿ!

ಇಂಥ ಸಂಕಟಕಾಲದಲ್ಲಿ, ಎರಡು ಸಾವಿರದ ಮೂರನೇ ಇಸವಿಯಲ್ಲಿ, ನಂಜನಗೂಡಿನ ಕಲ್ಯಾಣಮಂಟಪವೊಂದರಲ್ಲಿ ಟೈ ಕಟ್ಟಿದ ಏಜೆಂಟನೊಬ್ಬ ಅವತರಿಸಿದ. ಅವನ ಕೈಯಲ್ಲಿ ವಾಚಿನಂಥ ಯಂತ್ರ. ರಕ್ತ ಬೇಡ, ಸೂಜಿ ಬೇಡ, ಮಣಿಕಟ್ಟಿಗೆ ಕಟ್ಟಿ ಗುಂಡಿ ಒತ್ತಿದರೆ ಚರ್ಮದ ಬೆವರಿನಿಂದಲೇ ಮೈಯಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳಿಬಿಡುತ್ತದಂತೆ. ಮುನ್ನೂರು ದಾಟಿದರೆ ಕೂಗಿಕೊಳ್ಳುತ್ತದಂತೆ. ಅವನು ತನ್ನ ಕೈಗೇ ಕಟ್ಟಿ ತೋರಿಸಿದ. ತೊಂಬತ್ತೆಂಟು! ಆಮೇಲೆ ಅದನ್ನೇ ಬಿಚ್ಚಿ, "ದಿನಾ ಸ್ನಾನ ಆದ ಮೇಲೆ ಕಟ್ಕೊಳ್ಳಿ ಸಾರ್" ಎಂದು ಶಿವಮಲ್ಲಪ್ಪನವರಿಗೆ ಮಾರಿದ.

ಶಿವಮಲ್ಲಪ್ಪನವರು ಶಿಸ್ತಿನ ಮನುಷ್ಯ. ಮರುದಿನ ಬೆಳಿಗ್ಗೆ ಸ್ನಾನ, ಲಿಂಗಪೂಜೆ. ಹಣೆಗೆ, ತೋಳಿಗೆ, ಮಣಿಕಟ್ಟಿಗೆ ಮೂರು ಬೆರಳಿನಲ್ಲಿ ದಪ್ಪಗೆ ವಿಭೂತಿ. ಅದರ ಮೇಲೆ ಯಂತ್ರಧಾರಣೆ. ಗುಂಡಿ ಒತ್ತಿದರು.

"ಲೇ ಇವ್ಳೇ, ಬಾ ಇಲ್ಲಿ! ತೊಂಬತ್ತೆಂಟು! ನೋಡ್ಕೊ, ಕಣ್ತುಂಬ ನೋಡ್ಕೊ! ಎಲ್ಲಿ ಒಬ್ಬಟ್ಟು?"

ಸೋತ ಗುರುಬಸಮ್ಮ ಹೂರಣ ರುಬ್ಬಿದರು. ಮಾರನೆಯ ದಿನವೂ ತೊಂಬತ್ತೆಂಟು. ದೀಪಾವಳಿಗೂ ತೊಂಬತ್ತೆಂಟು, ಶಿವರಾತ್ರಿಗೂ ತೊಂಬತ್ತೆಂಟು.

"ಅಲ್ಲ ಕಣ್ರೀ, ಉಪವಾಸ ಇದ್ದಾಗ್ಲೂ ಅಷ್ಟೇ, ರಾಶಿ ಒಬ್ಬಟ್ಟು ತಿಂದಾಗ್ಲೂ ಅಷ್ಟೇನಾ?"

"ಅದನ್ನೇ ಕಣೆ ಸ್ಥಿರತೆ ಅನ್ನೋದು. ನಿಂಗೆ ಸೈನ್ಸ್ ಗೊತ್ತಿಲ್ಲ."

"ಬಚ್ಚಲಿನ ಇರುವೆಗಳಿಗೂ ಗೊತ್ತಿಲ್ಲ. ಹೋಗಿ ಅವುಕ್ಕೂ ಒಸಿ ಹೇಳಿ."

ಅಷ್ಟರಲ್ಲಿ ಮಗಳು ಚೈತ್ರಳಿಗೆ ಟಿ. ನರಸೀಪುರದಿಂದ ಸಂಬಂಧ ಬಂತು. ಹುಡುಗ ನಂಜೇಶ್. ಮನೆತನ ಸರಿ, ರೂಪ ಸರಿ, ಗುಣ ಸರಿ. ಕಸುಬು? ಸ್ವಂತ ರಕ್ತಪರೀಕ್ಷೆ ಲ್ಯಾಬು! ಶಿವಮಲ್ಲಪ್ಪನವರಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

"ಊರಲ್ಲೆಲ್ಲ ಗಂಡುಗಳು ಬಿದ್ದವೆ. ಚುಚ್ಚೋನೇ ಬೇಕಾಗಿತ್ತೇನೆ ನಿಂಗೆ?"

"ಮದುವೆ ಆಗೋಳು ಅವಳು. ಅವಳು ಬೇಡ ಅಂದ್ರೆ ಬಿಡಾನ."

ಚೈತ್ರ ಮಾತ್ರ ಬೇಕೂ ಎನ್ನಲಿಲ್ಲ, ಬೇಡವೂ ಎನ್ನಲಿಲ್ಲ. 'ಹುಡುಗನನ್ನು ನೋಡಿ ಹೇಳ್ತೀನಿ' ಎಂದು ಸುಮ್ಮನಾದಳು. ಅಪ್ಪ ಆ ಒಂದು 'ಬೇಡ'ಕ್ಕಾಗಿ ನಂಜುಂಡೇಶ್ವರನಿಗೆ ಹರಕೆ ಹೊತ್ತರು.

ಭಾನುವಾರ ನಂಜೇಶನೂ ಅವನ ತಂದೆ ಸಿದ್ದಮಲ್ಲಪ್ಪನವರೂ ಊಟಕ್ಕೆ ಬಂದರು. ಸಿದ್ದಮಲ್ಲಪ್ಪನವರದೂ ಅದೇ ಗಾತ್ರ, ತೋಳಿನಿಂದ ಮಣಿಕಟ್ಟಿನ ತನಕ ಅದೇ ವಿಭೂತಿಯ ಪಟ್ಟೆ. ಶಿವಮಲ್ಲಪ್ಪನವರು ಯಂತ್ರದ ಪ್ರವರ ಶುರುಮಾಡಿ, ತಮ್ಮ ತೊಂಬತ್ತೆಂಟನ್ನು ತೋರಿಸಿ, ಬೀಗರಾಗುವವರ ಕೈಗೂ ಕಟ್ಟಿದರು. ಅಲ್ಲೂ ತೊಂಬತ್ತೆಂಟು!

"ನಿಮ್ದೂ ಅಷ್ಟೇ! ಇನ್ನು ಜಾತಕ ಯಾಕ್ರೀ ಬೀಗ್ರೇ?"

ಸಿದ್ದಮಲ್ಲಪ್ಪನವರು ಸಂತೋಷದಿಂದ ಉಬ್ಬಿದರು. ನಂಜೇಶ್ ಮಾತ್ರ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಆದ್ರೂ ಒಂದ್ಸಲ ರಕ್ತ ನೋಡ್ಬುಡೋದು ಒಳ್ಳೇದು ಮಾವ."

ಮಾವನಂತೆ, ಮಾವ! ಇನ್ನೂ ಹೆಣ್ಣು ಒಪ್ಪಿಲ್ಲ, ಆಗಲೇ ರಕ್ತಕ್ಕೆ ಕೈ ಹಾಕುತ್ತಿದ್ದಾನೆ. ಶಿವಮಲ್ಲಪ್ಪನವರು ಎದೆ ಸೆಟೆಸಿದರು.

"ನೋಡಪ್ಪ, ಊಟ ಆದ್ಮೇಲೆ ಎಲ್ರ ಎದುರಿಗೆ ಮತ್ತೆ ಕಟ್ಕೋತೀನಿ. ತೊಂಬತ್ತೆಂಟೇ ಇದ್ರೆ ಈ ಮನೇಲಿ ಇನ್ನು ಯಾರೂ ಸೂಜಿ ಮಾತೆತ್ತಬಾರದು. ನೀನೂ ಅಷ್ಟೇ, ಇವಳೂ ಅಷ್ಟೇ. ಜಾಸ್ತಿ ಇತ್ತೋ, ತಕೋ ನನ್ ಬೆರಳು!"

"ಆಗ್ಲಿ ಬಿಡಿ" ಎಂದರು ಗುರುಬಸಮ್ಮ, ಯಾರೂ ಕೇಳದಿದ್ದರೂ.

ಊಟಕ್ಕೆ ಒಬ್ಬಟ್ಟು, ಒಬ್ಬಟ್ಟಿನ ಮೇಲೆ ತುಪ್ಪ, ಪಕ್ಕಕ್ಕೆ ರಸಬಾಳೆ. ಶಿವಮಲ್ಲಪ್ಪನವರು ಇದೇ ಕೊನೆಯ ಊಟವೋ ಎಂಬಂತೆ ಕತ್ತರಿಸಿದರು. (ಒಬ್ಬಟ್ಟಿನ ಮಟ್ಟಿಗೆ ಹಾಗೇ ಆಯಿತು.) ತುಪ್ಪ ಮೊಣಕೈ ತನಕ ಇಳಿಯಿತು. ಎಂಜಲ ಕೈಯಲ್ಲಿ ಯಂತ್ರ ಮುಟ್ಟಬಾರದೆಂದು ಬಚ್ಚಲಿಗೆ ಹೋಗಿ ಎರಡೂ ಕೈಗೆ ಸೋಪು ಹಾಕಿ ತಿಕ್ಕಿ ತೊಳೆದು, ಒರೆಸಿ, ನಡುಮನೆಯಲ್ಲಿ ಕೂತು, ಯಂತ್ರ ಕಟ್ಟಿ ಗುಂಡಿ ಒತ್ತಿದರು.

ಯಂತ್ರ ಎಂದಿಲ್ಲದಂತೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಕಿರೋ ಎಂದು ಕೂಗಿಕೊಂಡಿತು. ಹಿತ್ತಲಿನ ಎಮ್ಮೆ ಬೆಚ್ಚಿ ಹಗ್ಗ ಜಗ್ಗಿತು.

"ಮುನ್ನೂರ ನಲವತ್ತಾರು" ಎಂದು ಓದಿದ ನಂಜೇಶ್.

ಗುರುಬಸಮ್ಮನ ಕಣ್ಣು ಗಂಡನ ಮಣಿಕಟ್ಟಿನ ಮೇಲೆ ನಿಂತಿತು. "ಅಯ್ಯೋ ಶಿವನೇ! ಅಲ್ಲಿ ದಿನಾ ವಿಭೂತಿ ಇರೋದು ಕಣಪ್ಪ. ಈಗ ತೊಳೆದವ್ರೆ!"

"ಅದಕ್ಕೇ ಅತ್ತೆ. ಚರ್ಮ ಸಿಗದಿದ್ರೆ ಇದು ಹಿಂದಿನ ನಂಬರ್ರೇ ತೋರಿಸ್ತಾ ಕೂತಿರುತ್ತೆ. ಆ ತೊಂಬತ್ತೆಂಟು ಇದನ್ನ ಮಾರಿದವನದ್ದೇ ಇರಬೇಕು."

"ಅಂದ್ರೆ ಇಷ್ಟು ದಿವ್ಸ ಆ ಟೈ ಕಟ್ಟಿದೋನ ಆರೋಗ್ಯ ನಂಬ್ಕೊಂಡು ಇವರಿಗೆ ಒಬ್ಬಟ್ಟು ತಟ್ಟಿದ್ನಾ ನಾನು!"

ಸಿದ್ದಮಲ್ಲಪ್ಪನವರು ಸದ್ದಿಲ್ಲದೆ ತಮ್ಮ ಜುಬ್ಬದ ತೋಳನ್ನು ಕೆಳಗೆಳೆದುಕೊಂಡರು.

ಶಿವಮಲ್ಲಪ್ಪನವರಿಗೆ ನಖಶಿಖಾಂತ ಉರಿಯಿತು. ವಾಚು ಕಿತ್ತು ಚಾಪೆಯ ಮೇಲೆ ಎಸೆದರು. "ಸುಳ್ಳು! ಶುದ್ಧ ಮೋಸ! ರಕ್ತ ನೋಡ್ದೆ ಸಕ್ಕರೆ ಹೇಳಕ್ಕೆ ಇದೇನು ಕಣಿ ಹೇಳೋದಾ? ಬೆವರು ನೋಡಿದ್ರೆ ಏನ್ರೀ ಗೊತ್ತಾಯ್ತದೆ? ರಕ್ತ ತೆಗೆದು ನೋಡಿದ್ರೆ ತಾನೇ ನಿಜ ವಿಷ್ಯ ಗೊತ್ತಾಗೋದು!"

ತಾವು ಏನು ಹೇಳಿದೆವೆಂದು ಶಿವಮಲ್ಲಪ್ಪನವರಿಗೆ ಎಲ್ಲರಿಗಿಂತ ಕೊನೆಗೆ ಹೊಳೆಯಿತು.

"ನಾನೂ ಅದೇ ಅಂದಿದ್ದು ಮಾವ" ಎಂದ ನಂಜೇಶ್, ಪಕ್ಕದಲ್ಲಿಟ್ಟುಕೊಂಡಿದ್ದ ಲ್ಯಾಬಿನ ಚೀಲದ ಜಿಪ್ ಎಳೆಯುತ್ತ. "ಅಪ್ಪಾ, ಆಮೇಲೆ ನೀವು. ಎದ್ದು ಹೋಗ್ಬೇಡಿ."

ಹೆಣ್ಣು ನೋಡಲು ಬಂದ ಹುಡುಗ ಹೆಣ್ಣಿನ ಅಪ್ಪನ ಕೈ ಹಿಡಿದುಕೊಂಡ. ಗುರುಬಸಮ್ಮ ಬಾಗಿಲಿಗೆ ಅಡ್ಡ ನಿಂತರು. ಹುಲ್ಲಹಳ್ಳಿ ಬಸ್ಸೂ ಈಗ ಉಪಯೋಗಕ್ಕಿಲ್ಲ, ಇರುವುದೇ ಹುಲ್ಲಹಳ್ಳಿಯಲ್ಲಿ. ಶಿವಮಲ್ಲಪ್ಪನವರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಉಳಿದಿದ್ದ ಒಂದೇ ಆಸೆಯಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದರು.

"ಚೈತ್ರಾ, ನನ್ನವ್ವ, ಸಂಕೋಚ ಪಡಬೇಡ ಕಣವ್ವ. ಬೇಡ ಅನ್ನು, ಈಗಲೇ ಇವರನ್ನ ಕಳಿಸ್ಬುಡ್ತೀನಿ. ಹೇಳು, ಈ ಹುಡುಗ ನಿಂಗೆ ಒಪ್ಪಿಗೆನಾ?"

ಚೈತ್ರ ಅಪ್ಪನ ಬೆರಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸುತ್ತಿದ್ದ ಹುಡುಗನನ್ನು ಒಮ್ಮೆ ನೋಡಿದಳು. ಬೆಳಗಿನಿಂದ ಮುಚ್ಚಿದ್ದ ಬಾಯನ್ನು ಆಗ ತೆರೆದಳು.

"ಒಪ್ಪಿಗೆ ಅಪ್ಪ."