ನಮ್ಮವನಿಗೆ ಒಗ್ಗುವ ನೆಲ

ಟೀವಿಯಲ್ಲಿ ದೊಡ್ಡ ಟೆನಿಸ್ ಪಂದ್ಯ ಬಂತೆಂದರೆ, ಅಮೆರಿಕದ ಸಮಾಮಿಶ್‌ನ ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಪೂಜೆ ಮುಗಿಸಿ ಕೂತರೂ ಅಷ್ಟೆ, ಮುಗಿಸದೆ ಕೂತರೂ ಅಷ್ಟೆ.

ಹುಲ್ಲು

ನಾನು ಮೆಚ್ಚಿದ ಆಟಗಾರ ಎಡಗೈಯವನು. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ತಿರುವಿ ಹೊಡೆಯುತ್ತಾನೆ. ಅದು ನೆಲಕ್ಕೆ ಬಿದ್ದು ಎದುರಿನವನ ಹೆಗಲಿಗೆ ನೆಗೆಯಬೇಕು, ಆಗಲೇ ಅವನ ಆಟ. ಆ ಸಲ ಲಂಡನ್ನಿನ ಹುಲ್ಲಿನ ಅಂಕಣದಲ್ಲಿ ಯಾರೋ ಹೆಸರು ಕೇಳದವನ ಕೈಲಿ ಸೋಲುತ್ತಿದ್ದ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಏನಾಯ್ತೆಂದು ಮನೆಯವಳು ಕೇಳಿದಳು. ಹುಲ್ಲಿನ ಮೇಲೆ ಚೆಂಡು ಜಾರಿ ಹೋಗುತ್ತೆ, ಎಷ್ಟು ಹೊಡೆದರೂ ಮೇಲೆ ಏಳುವುದಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದೆ.

ಅವಳು ಕಿಟಕಿಯಾಚೆ ನಮ್ಮ ಹಿತ್ತಿಲು ನೋಡಿದಳು. “ಹುಲ್ಲು ಅಂದ್ರೆ ನೀವೂ ಏಳಲ್ಲ ಬಿಡಿ. ಮಂಡಿವರೆಗೆ ಬೆಳೆದಿದೆ.”

ಸಿಮೆಂಟು

ಗಟ್ಟಿ ನೆಲದಲ್ಲಿ ಚೆಂಡು ಅಂದಾಜು ತಪ್ಪಿಸುವುದಿಲ್ಲ. ಅಲ್ಲಿ ರಾಜ ಎಂದರೆ ಇನ್ನೊಬ್ಬ, ರಬ್ಬರಿನಂಥ ಮೈಯವನು. ಚೆಂಡು ಪೂರ್ತಿ ಮೇಲೇಳುವ ಮೊದಲೇ ವಾಪಸು ಕಳಿಸಿಬಿಡುತ್ತಾನೆ. ಅವನ ಕೈಲಿ ನಮ್ಮವನು ಸೋತ ದಿನ ಸಂಕಟ ತಡೆಯದೆ ದೇವರ ಮುಂದೆ ನಿಂತು, ನಮ್ಮವನು ಇವನನ್ನು ಸೋಲಿಸುವವರೆಗೆ ಕಾಫಿ ಮುಟ್ಟುವುದಿಲ್ಲ ಅಂದುಬಿಟ್ಟೆ. ದೇವರ ಮುಂದೆ ಅಂದ ಮೇಲೆ ಮುಗಿಯಿತು. ವಾರದೊಳಗೆ ತಲೆನೋವು, ಸಿಡುಕು.

“ಅವನು ಸೋತದ್ದಕ್ಕೆ ನೀವು ಕಾಫಿ ಬಿಟ್ರಿ,” ಎಂದಳು ಮನೆಯವಳು. “ನಾನು ಯಾರನ್ನ ಬಿಡಲಿ?”

ಮಣ್ಣು

ಚಳಿಗಾಲ ಕಳೆದು, ಪ್ಯಾರಿಸ್ಸಿನ ಕೆಂಪು ಮಣ್ಣಿನಲ್ಲಿ ಸೆಮಿಫೈನಲ್‌ಗೆ ಅವರಿಬ್ಬರೇ ಎದುರಾದರು. ಮಣ್ಣು ಚೆಂಡಿನ ವೇಗ ತಗ್ಗಿಸಿ ಎತ್ತರಕ್ಕೆ ಪುಟಿಸುತ್ತೆ. ನಮ್ಮವನಿಗೆ ಹೇಳಿ ಮಾಡಿಸಿದ ನೆಲ. ಇಲ್ಲೂ ಸೋತರೆ ಈ ಜನ್ಮದಲ್ಲಿ ನನಗೆ ಕಾಫಿ ಇಲ್ಲ. ಒಬ್ಬನೇ ನೋಡುವ ಧೈರ್ಯ ಬರದೆ, ಎದುರುಮನೆಗೆ ಹೊಸದಾಗಿ ಬಂದಿದ್ದ ಗದಗಿನ ಕಡೆಯ ಎಂಜಿನಿಯರ್ ಒಬ್ಬರಿಗೆ ಹಿಂದಿನ ಸಂಜೆ ಮೆಸೇಜು ಕಳಿಸಿದ್ದೆ: ನಾಳೆ ಬೆಳಿಗ್ಗೆ ನಮ್ಮವನ ಮಣ್ಣು, ತಪ್ಪದೆ ಬನ್ನಿ.

ಅವರು ಬಂದಾಗ ಕೊನೆಯ, ಐದನೇ ಸೆಟ್ಟು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಹೂವು. ಅದನ್ನೆಲ್ಲ ಗಮನಿಸುವ ವ್ಯವಧಾನ ನನಗೆಲ್ಲಿ.

“ಎಲ್ಲಿ ಮಲಗಿಸೀರಿ?” ಮೆಲ್ಲಗೆ ಕೇಳಿದರು.

ಟೀವಿಯಿಂದ ಕಣ್ಣು ಕೀಳದೆ ಅಂದೆ, “ಇನ್ನೂ ಜೀವ ಇದೆ. ಸದ್ದು ಮಾಡದೆ ಕೂತ್ಕೊಳ್ಳಿ.”

ಅವರು ಹೌಹಾರಿ ಸೋಫಾದ ತುದಿಯಲ್ಲಿ ಕೂತು ಕೈ ಮುಗಿದರು. ನಾನಂತೂ ಮುಗಿದೇ ಇದ್ದೆ. ಕೊನೆಗೆ ನಮ್ಮವನ ಚೆಂಡು ಮಣ್ಣಿನಿಂದ ನೆಗೆದು ಎದುರಾಳಿಯ ಹೆಗಲಿಗೇರಿತು. ಅವನು ಹೊಡೆದದ್ದು ಗೆರೆಯಾಚೆ ಬಿತ್ತು.

“ಮುಗೀತು ಕಣೇ,” ಎಂದೆ ಒಳಗೆ ಕೇಳುವಂತೆ. “ಕಾಫಿ ತಾ.”

ಅವರ ಕೈಯಿಂದ ಹೂವು ಜಾರಿತು. ಮನೆಯವಳು ಬಂದು ವಿಚಾರಿಸಿದ ಮೇಲೆ ತಿಳಿಯಿತು, ಅವರ ಕಡೆ ಮಣ್ಣು ಎಂದರೆ ಸತ್ತವರನ್ನು ಹೂಳುವುದು. ನನಗೆ ಮುಖ ಎತ್ತಲಾಗಲಿಲ್ಲ. ಅವರಿಗೋ ಬೇರೆಯೇ ಚಿಂತೆ.

“ಮಣ್ಣಿಗೆ ಹೊಂಟೀನಂತ ಆಫೀಸಿಗೆ ರಜಾ ಹಾಕೇನ್ರಿ. ಸತ್ತಾವ್ರು ಯಾರಂತ ಬಾಸ್ ಕೇಳಿದ್ರ ಏನ್ ಹೇಳ್ಲಿ?”

ನಾನು ಒಂದು ಗುಟುಕು ಕಾಫಿ ಕುಡಿದು, ಟೀವಿಯಲ್ಲಿ ಚೀಲ ಹೊತ್ತು ತಲೆ ತಗ್ಗಿಸಿ ಹೊರಟವನನ್ನು ತೋರಿಸಿದೆ.

“ಅವನ ಹೆಸರು ಹೇಳಿ.”